ಗಿರಿಜೆಯ ಮಾವ

ಚಮಚ ತುಟಿಗೆ ತಾಗಿದ ಕೂಡಲೇ ತಮ್ಮಯ್ಯ ಮುಖವನ್ನು ಗೋಡೆ ಕಡೆಗೆ ತಿರುಗಿಸಿಕೊಂಡ. ರಾಗಿ ಗಂಜಿ ಗಲ್ಲದ ಮೇಲಿಂದ ಇಳಿದು ದಿಂಬಿಗೆ ಹತ್ತಿತು. ಸೊಸೆ ರಂಜಿತ ಸೆರಗಿನಿಂದ ಒರೆಸಿ ಇನ್ನೊಂದು ಚಮಚ ಹಿಡಿದಳು. ಮುದುಕ ತಿರುಗಲಿಲ್ಲ. ಮೊನ್ನೆಯಿಂದ ಇದೇ ಆಗಿತ್ತು.

"ಒಳಗೇನೂ ಹೊಸ ಕಾಯ್ಲೆ ಇಲ್ಲ ಅಂದ್ರು ಡಾಕ್ಟ್ರು," ಎಂದ ಬಾಗಿಲಲ್ಲಿ ನಿಂತ ಅವಳ ಗಂಡ ಲೋಕೇಶ್. ಆಗಷ್ಟೇ ಕೆ.ಆರ್. ಪೇಟೆಯ ಆಸ್ಪತ್ರೆಯಿಂದ ಅಪ್ಪನ ರಕ್ತಪರೀಕ್ಷೆಯ ವರದಿ ತಂದಿದ್ದ. "ಬೇಕಂತ್ಲೇ ಬಾಯಿ ಬುಡ್ತಿಲ್ವಂತೆ. ಇಂಗೇ ಆದ್ರೆ ಈ ವಯಸ್ಸಿಗೆ ತಡ್ಯಾಕಿಲ್ವಂತೆ. ನೀನೇನಾರ ಅಂದ್ಯಾ?"

"ನಾನೇನನ್ಲಿ? ಒಂದ್ ಮಾತೂ ಆಡಿಲ್ಲ."

ಲೋಕೇಶ್ ಇನ್ನೇನೂ ಕೇಳದೆ ಡೈರಿಗೆ ಹಾಲು ಹಾಕಲು ಕ್ಯಾನು ಎತ್ತಿಕೊಂಡು ಹೊರಟ. ಅವಳ ಮೇಲೆ ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋದ ಮಾವನ ಬಾಚಣಿಗೆಯಿಂದ ಹಿಡಿದು ಬೆಡ್‌ಪ್ಯಾನಿನ ತನಕ ಅವಳದೇ ಕೆಲಸ. ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಬೂಕನಕೆರೆಯ ಅತ್ತೆಯರು ತಮ್ಮ ಸೊಸೆಯರನ್ನು ಬೈಯುವಾಗ ಅವಳ ಹೆಸರನ್ನೇ ಎತ್ತುತ್ತಿದ್ದರು.

ಅವಳು ಕಥೆ ಬರೆಯುತ್ತಾಳೆಂಬುದು ಮಾತ್ರ ಊರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಕಥೆ ಬಂದ ದಿನ ಧಾರವಾಡದವರು, ಶಿರಸಿಯವರು ಫೋನು ಮಾಡುತ್ತಿದ್ದರು. ಪಕ್ಕದ ಮನೆಯವರು ಎಂದಿನಂತೆ ಕಾಫಿಪುಡಿ ಕೇಳಲು ಬರುತ್ತಿದ್ದರು. ಕೂತು ಬರೆಯಲು ಪುರುಸೊತ್ತಾದರೂ ಎಲ್ಲಿ? ಬೆಳಗ್ಗೆ ಕೊಟ್ಟಿಗೆಯ ಕಿಟಕಿಗೆ ಮೊಬೈಲು ಸಿಕ್ಕಿಸಿ, ಹಾಲು ಕರೆಯುತ್ತಲೇ ಬಾಯಲ್ಲಿ ಹೇಳುವಳು, ಅದು ಬರೆದುಕೊಳ್ಳುವುದು. ಆ ಮೊಬೈಲಿಗೋ ಬೂಕನಕೆರೆಯ ಕನ್ನಡ ತಲೆಗೆ ಹತ್ತದು. ವಾರ್ತೆ ಓದುವವರ ಹಾಗೆ ಬಿಡಿಸಿ ಬಿಡಿಸಿ ಹೇಳಬೇಕು. ತಪ್ಪು ಬರೆದುಕೊಂಡರೆ ಅದೇ ಸಾಲನ್ನು ಮತ್ತೆ ಹೇಳಬೇಕು, ಇನ್ನೂ ಗಟ್ಟಿಯಾಗಿ. ಹಸುಗಳು ಇದಕ್ಕೆ ಒಗ್ಗಿಹೋಗಿದ್ದವು. ಕೊಟ್ಟಿಗೆಗೂ ಮಾವನ ಮಂಚಕ್ಕೂ ನಡುವೆ ಇದ್ದದ್ದು ಸೂರು ಮುಟ್ಟದ ಅರೆಗೋಡೆ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಥೆಯೊಳಗೆ ಹೊಕ್ಕಮೇಲೆ ಅವಳಿಗೆ ಗೋಡೆ, ಮನೆ, ಯಾವುದೂ ನೆನಪಿರುತ್ತಿರಲಿಲ್ಲ.

ಗಂಜಿ ಆರುತ್ತಿತ್ತು. "ಯಾಕ್ ಮಾವ, ನನ್ ಮ್ಯಾಲೆ ಕೋಪ್ವಾ?" ಎಂದಳು.

"ಕೋಪ ಎಲ್ಲೀದವ್ವ," ಎಂದ ತಮ್ಮಯ್ಯ ಗೋಡೆ ನೋಡುತ್ತಲೇ. ನಾಲಿಗೆ ತುಸು ತೊದಲುತ್ತಿತ್ತು. "ಉಂಡ್ರೆ ಬಟ್ಟೆ ಗಲೀಜಾಯ್ತದೆ. ನೀನೇ ಒಗೀಬೇಕು." ಆಮೇಲೆ ಅವಳು ಮೊಬೈಲಿಗೆ ಹೇಳಿದ್ದ ರಾಗದಲ್ಲೇ ಅಕ್ಷರ ಬಿಡದೆ ಒಪ್ಪಿಸಿದ: "ಇವತ್ತಾದರೂ ಈ ಮುದುಕ ಕಣ್ಣು ಮುಚ್ಚಬಾರದೇ ಎಂದು ಗಿರಿಜೆ ಅಂದುಕೊಂಡಳು. ಪೂರ್ಣವಿರಾಮ." ಸಮಾಧಾನವಾಗಿ ಸೇರಿಸಿದ, "ನಾಕ್ ಸಲ ಅಂದೆ ನೀನು."

ಚಮಚ ಬಟ್ಟಲಿಗೆ ಜಾರಿತು. "ಅದು ಕತೆ ಮಾವ. ದೀಪಾವಳಿ ಸಂಚಿಕೆಗೆ ಬರೀತಿದ್ದೆ. ಆ ಗಿರಿಜೆ ಬ್ಯಾರೆ, ನಾನು ಬ್ಯಾರೆ."

"ಕತೆ ಅಂತ ನನಗ್ ಗೊತ್ತಾಗಾಕಿಲ್ವಾ? ಅವಳ ಮಾವನ್ಗೂ ಎಡಗೈ ಬಿದ್ದೋಗದೆ. ಅವಳ ಮನೇಲೂ ಎಲ್ಡು ಸೀಮೆಹಸ ಅವೆ."

ರಂಜಿತ ಆಣೆ ಇಡಲು ಬಾಯಿ ತೆರೆದಳು. ಆದರೆ ಆಣೆ ಸುಳ್ಳಾಗುತ್ತಿತ್ತು. ಆ ಸಾಲು ಗಿರಿಜೆಗಿಂತ ಮೊದಲು ಅವಳ ಮನಸ್ಸಿಗೇ ಬಂದಿತ್ತು, ಒಂದು ಮಧ್ಯಾಹ್ನ ನಲ್ಲಿಯ ಕೆಳಗೆ ದುಪ್ಪಟಿ ಹಿಂಡುವಾಗ. ಬಂದ ಮರುಗಳಿಗೆ ನಾಚಿಕೆಯಾಗಿತ್ತು. ಅದರ ಮರುಗಳಿಗೆ, ಒಳ್ಳೆಯ ಸಾಲು ಅನ್ನಿಸಿತ್ತು. ಈಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಅಳಿಸಾಕ್ಬುಡ್ತೀನಿ ಮಾವ. ನಿಮ್ ಮುಂದೇನೆ," ಎಂದು ಮೊಬೈಲು ತೆಗೆದಳು.

ತಮ್ಮಯ್ಯ ಸ್ವಾಧೀನವಿದ್ದ ಬಲಗೈಯಿಂದ ಅವಳ ಮಣಿಕಟ್ಟು ಹಿಡಿದ. "ಅಳಿಸ್ಬ್ಯಾಡ. ಇಲ್ಲೀಗಂಟ ನೀನು ಮಾಡಿರೋದ್ರಲ್ಲಿ ಇದೇ ಚೆಂದಾಗದೆ. ಹೋದ್ ಸಲದ್ದು, ಆ ಬಾವಿ ಕತೆ, ಕೊನೇಲಿ ಕೆಡಿಸ್ಬುಟ್ಟೆ. ಬಿದ್ದೋಳ್ನ ಸುಮ್ಸುಮ್ನೆ ಮ್ಯಾಲೆತ್ಬುಟ್ಟೆ."

ಅವಳ ಕಥೆಗಳನ್ನೆಲ್ಲ ಮೊದಲು ಕೇಳಿದವನು ಇವನೇ ಎಂದು ಅವಳಿಗೆ ತಿಳಿದದ್ದು ಆಗ. ಕಣ್ಣು ಒರೆಸಿಕೊಂಡಳು.

"ಇದ್ರ ಕೊನೆ ಎಂಗೆ ಮಾಡ್ತೀಯ?" ಎಂದ.

ಕೊನೆ ಅವಳಿಗೆ ಇನ್ನೂ ಸಿಕ್ಕಿರಲಿಲ್ಲ. ಆದರೆ ಈಗ ಕಥೆಯಿಂದಲೇ ಮುದುಕನ ಬಾಯಿ ತೆರೆಸಬಹುದೇನೋ ಎಂಬ ಆಸೆ ಹುಟ್ಟಿತು. ಮಂಚದ ಕಾಲ್ದೆಸೆಗೆ ಸರಿದು ಅವನ ಎರಡೂ ಪಾದ ಹಿಡಿದುಕೊಂಡಳು.

"ಮುದುಕನ್ಗೆ ಎಲ್ಲಾ ಗೊತ್ತಾಗೋಯ್ತದೆ ಮಾವ. ಊಟ ಬುಟ್ಬುಡ್ತಾನೆ. ಗಿರಿಜೆ ಇಂಗೇ ಕಾಲಿಡ್ಕತಾಳೆ. ಅಂಗೆ ಅಂದ್ಕಂಡಿದ್ದು ದಿಟ, ಆದ್ರೆ ನೀವು ಹೋಗ್ಬಾರ್ದು ಅನ್ನೋದೂ ದಿಟ ಅಂತಾಳೆ." ಹೇಳಿದ್ದರಲ್ಲಿ ನಟನೆ ಎಳ್ಳಷ್ಟೂ ಇರಲಿಲ್ಲ. "ಆಮೇಲೆ ಮುದುಕ ಬಾಯಿ ತೆಗೀತಾನೆ. ಗಂಜಿ ಕುಡೀತಾನೆ."

ತಮ್ಮಯ್ಯ ನಿಧಾನವಾಗಿ ಅವಳತ್ತ ತಿರುಗಿದ. ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ.

"ಕುಡಿಸ್ಬ್ಯಾಡ ಕಣವ್ವ," ಎಂದ. "ಕತೆ ಕೆಟ್ಟೋಯ್ತದೆ."

ರಂಜಿತಳಿಗೂ ಹಾಗೇ ಅನ್ನಿಸಿತು.