ಅಯಿನ್‌ಪೋಕಾಳ ಮೂರನೆಯ ಮಗು

ಅಯಿನ್‌ಪೋಕಾಳ ಹೊಟ್ಟೆ ಇಳಿದಿತ್ತು. ಮಗು ಮಾತ್ರ ಎಲ್ಲೂ ಕಾಣಲಿಲ್ಲ.

ಲಾಮಿಸಿ ಸೈಕಲ್ಲನ್ನು ಮಣ್ಣಿನ ಗೋಡೆಗೆ ಒರಗಿಸಿ ದಪ್ಪ ರಿಜಿಸ್ಟರ್ ತೆರೆದಳು. ಬೊಲ್ಗಟಾಂಗಾ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಊರು ಬಿಟ್ಟರು ಎಂದು ನಾಲ್ಕು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಬರೆಯುವುದೇ ಅವಳ ಕೆಲಸ. ಈ ಮನೆಯ ಪುಟದಲ್ಲಿ ಎರಡು ಗಂಡು ಕೂಸುಗಳ ಹೆಸರಿತ್ತು. ಎರಡನ್ನೂ ಹುಟ್ಟಿದಾಗ ಬರೆದುಕೊಂಡವಳು ಅವಳೇ. ಒಂದೊಂದೂ ಅವಳು ಮತ್ತೆ ಬರುವಷ್ಟರಲ್ಲಿ ಮಣ್ಣು ಸೇರಿತ್ತು.

"ಹೆತ್ತಿದ್ದಾಳೆ ಕಣಮ್ಮ, ಎಂಟು ದಿನ ಆಯ್ತು. ಕೂಸು ಅತ್ತಿದ್ದು ನಮ್ಮನೆವರೆಗೂ ಕೇಳ್ತು," ಎಂದು ಊರಿನ ಸುದ್ದಿ ಮುಟ್ಟಿಸುವ ಅಟಾಂಗಾ ಅವಳು ಬರುವಾಗ ದಾರಿಯಲ್ಲೇ ತಡೆದು ಹೇಳಿದ್ದ. "ಮಾರನೇ ದಿನ ನೋಡಿದ್ರೆ ಹಿತ್ತಲಲ್ಲಿ ಹಸಿಮಣ್ಣಿನ ಗುಡ್ಡೆ. ಒಬ್ಬರ ಕಣ್ಣಲ್ಲೂ ಒಂದು ಹನಿ ನೀರಿಲ್ಲ!"

"ಮಗು ಎಲ್ಲಿ?" ಲಾಮಿಸಿ ಕೇಳಿದಳು.

"ಸತ್ತೋಯ್ತು!" ಅಯಿನ್‌ಪೋಕಾ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಬರ್ಕೊಳ್ಳಕ್ಕ. ಈಗ್ಲೇ ಬರ್ಕೊ."

ಎದೆಹಾಲಿಗೆ ಅವಳ ಬಟ್ಟೆ ತೊಯ್ದಿತ್ತು. ಕಣಜದ ಬುಡದಲ್ಲಿ ಅವಳ ಅತ್ತೆ ಒನಕೆ ಹಿಡಿದು ಒಂದೇ ಸಮನೆ ಕುಟ್ಟುತ್ತಿದ್ದಳು. ಒರಳಲ್ಲಿ ಒಂದು ಕಾಳೂ ಇರಲಿಲ್ಲ.

"ಅಜ್ಜಿ, ಒಂದ್ನಿಮಿಷ ನಿಲ್ಲಿಸ್ತೀರಾ?"

"ನಿನ್ನ ಕೆಲಸ ನೀನ್ ನೋಡ್ಕೊ ತಾಯಿ," ಎಂದ ಮುದುಕಿ ಇನ್ನೂ ಜೋರಾಗಿ ಕುಟ್ಟಿದಳು.

ಲಾಮಿಸಿ ಅಯಿನ್‌ಪೋಕಾಳ ಕೈಗಳನ್ನೇ ನೋಡಿದಳು. ಮೂರು ಕೂಸು! ಮೂರನ್ನೂ ಈ ಕೈಗಳೇ ಮುಗಿಸಿದವೇ? ಎರಡು ಸಲ ಇವಳ ಕಣ್ಣೀರು ಒರೆಸಿ ಹೋಗಿದ್ದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

"ಈ ಸಲ ಬಿಡಲ್ಲ. ಪೊಲೀಸರನ್ನ ಕರೀತೀನಿ."

"ಯಾರನ್ನ ಬೇಕಾದ್ರೂ ಕರಿ. ಮೊದಲು ಬರಿ," ಎಂದಳು ಅಯಿನ್‌ಪೋಕಾ.

ಗೋಡೆಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡು ಲಾಮಿಸಿ ಹಿತ್ತಲಿಗೆ ನುಗ್ಗಿದಳು. "ಬೇಡಕ್ಕ, ನಿನ್ ಕಾಲಿಗೆ ಬೀಳ್ತೀನಿ," ಎಂದು ಅಯಿನ್‌ಪೋಕಾ ತೋಳು ಜಗ್ಗಿದರೂ ಕೇಳದೆ ಅಗೆದಳು. ಮೊಳದಷ್ಟು ಆಳದಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟು ಸಿಕ್ಕಿತು. ಬಿಚ್ಚಿದಳು.

ಒಳಗಿದ್ದದ್ದು ಒಂದು ಒಡೆದ ಸೋರೆಬುರುಡೆ.

"ಮಗು ಎಲ್ಲೇ..." ಎನ್ನುವಷ್ಟರಲ್ಲಿ ಅಯಿನ್‌ಪೋಕಾಳ ಅಂಗೈ ಅವಳ ಬಾಯಿ ಮುಚ್ಚಿತು.

"ಮೆಲ್ಲಗಕ್ಕ, ಕಣಜದೊಳಗೆ ಮಲಗಿದ್ದಾನೆ. ಬದುಕಿದ್ದಾರೆ ಅಂತ ನೀನು ಬರೆದ ಇಬ್ಬರನ್ನೂ ಸಾವು ಆ ಪುಸ್ತಕ ಓದ್ಕೊಂಡೇ ಬಂದು ಕರ್ಕೊಂಡು ಹೋಯ್ತು, ಇವನನ್ನಾದ್ರೂ ಸತ್ತ ಅಂತ ಬರಿ."