ಕೆಂಪು ದಾರದ ತುದಿ

ತೆರೆಯ ಆಚೆ ಶಿಳ್ಳೆ, ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಹಗ್ಗ ಹಿಡಿದು ಆಕಾಶದಿಂದ ಇಳಿಯಬೇಕಿದ್ದ ನಾಯಕ ಧೊಪ್ಪನೆ ಬಿದ್ದದ್ದು ಜನರಿಗೆ ನಾಟಕದ ಭಾಗವಾಗಿಯೇ ಕಂಡಿತ್ತು. ಈಚೆ ಅವನ ಉಸಿರು ನಿಂತುಹೋಗಿತ್ತು.

"ಹೊಲಿಗೆ ಬಿಟ್ಕೊಂಡಿದೆ ನೋಡಿ," ಎಂದು ಅವಳ ಅಣ್ಣ ಸತ್ತವನ ಸೊಂಟಪಟ್ಟಿಯನ್ನು ನಾಟಕ ಕಂಪನಿಯ ಯಜಮಾನರ ಕೈಗಿಟ್ಟ. ಪಟ್ಟಿಗೆ ಹಗ್ಗದ ಕೊಕ್ಕೆ ಹಾಕುವುದು ಅಣ್ಣನ ಕೆಲಸ, ಪಟ್ಟಿ ಹೊಲಿಯುವುದು ತಂಗಿಯದು. ಯಜಮಾನರು ಅವಳ ಕಡೆ ತಿರುಗಿದರು. "ಏನಮ್ಮ ಇದು? ಒಂದು ಜೀವ ನಿನ್ನ ದಾರದ ಮೇಲಿತ್ತಲ್ಲ."

ಅವಳು ಪಟ್ಟಿಯನ್ನು ತೆಗೆದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಭಾರಕ್ಕೆ ಕಿತ್ತುಹೋದ ದಾರದ ತುದಿ ಜಡೆ ಬಿಚ್ಚಿದ ಹಾಗೆ ಎಳೆಎಳೆಯಾಗುತ್ತದೆ. ಈ ಕೆಂಪು ತುದಿಗಳು ಒಂದೊಂದೂ ಚೊಕ್ಕಟವಾಗಿದ್ದವು. ನಾಯಕ ಬಿದ್ದ ಕೂಡಲೇ ಅಣ್ಣ ಓಡಿಬಂದು, "ಕತ್ತರಿ ಕೊಡೇ, ಅಂಗಿ ಕತ್ತರಿಸ್ತೀನಿ, ಉಸಿರಾಡ್ಲಿ," ಎಂದು ಇಸಿದುಕೊಂಡು ಹೋಗಿದ್ದ. ಅವಳು ನೆಲದ ಮೇಲಿದ್ದವನನ್ನು ನೋಡಿದಳು. ಅಂಗಿಗೆ ಎಲ್ಲೂ ಕತ್ತರಿ ತಾಗಿರಲಿಲ್ಲ, ಗುಂಡಿಗಳೆಲ್ಲ ಕತ್ತಿನವರೆಗೂ ಹಾಕಿದಂತೆಯೇ ಇದ್ದವು. ಮೇಲೆ, ಹಗ್ಗದ ತುದಿಯಲ್ಲಿ ಅಣ್ಣ ಬಿಗಿಯಾಗಿ ಮುಚ್ಚಬೇಕಿದ್ದ ಕೊಕ್ಕೆ ಬಾಯಿ ತೆರೆದುಕೊಂಡು ತೂಗುತ್ತಿತ್ತು.

ಅಣ್ಣ ಅವಳ ಹೆಗಲ ಮೇಲೆ ಕೈಯಿಟ್ಟ, ಚಿಕ್ಕಂದಿನಲ್ಲಿ ಅವಳು ಶಾಲೆಯಲ್ಲಿ ಪೆಟ್ಟು ತಿಂದು ಬಂದಾಗ ಇಡುತ್ತಿದ್ದ ಹಾಗೆಯೇ. "ಅಳಬೇಡ ಪುಟ್ಟಿ. ಬೇಕಂತ ಮಾಡಿದ್ದಲ್ಲ ಅಂತ ಎಲ್ರಿಗೂ ಹೇಳೋಣ. ನಾನಿದ್ದೀನಲ್ಲ."

ಅವಳು ಅಳುತ್ತಿರಲಿಲ್ಲ. ಯಜಮಾನರ ಎದುರಿಗೇ ಅಂಗೈ ಚಾಚಿದಳು.

"ಅಣ್ಣ, ನನ್ನ ಕತ್ತರಿ ಕೊಡು."