ಸೋಮವಾರ ನಿಲ್ಲುವ ಕಾರು

ಮಂಕಿ ದಾಟುವ ಮೊದಲೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿತು. ಅದರ ಬೆನ್ನಿಗೇ ಕೆಂಪು. ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಯಿತು. ನರೇಶ ತನ್ನ ಕಪ್ಪು ಜರ್ಮನ್ ಕಾರನ್ನು ಹೇಗೋ ಹೆದ್ದಾರಿಯ ಅಂಚಿಗೆ ತಂದು ನಿಲ್ಲಿಸಿದ. ಎ.ಸಿ. ಕಿಂಡಿಯಿಂದ ಬೆಲ್ಲ ಸೀದಂಥ ವಾಸನೆ ಬರುತ್ತಿತ್ತು.

ಸೋಮವಾರ. ಮತ್ತೆ ಸೋಮವಾರ.

ಭಟ್ಕಳದ ಬ್ಯಾಂಕ್ ಶಾಖೆಯ ತಿಜೋರಿಗೆ ಎರಡು ಕೀಲಿ. ಒಂದು ಮ್ಯಾನೇಜರ್ ಪ್ರಿಯಂವದಾ ಅವರ ಬಳಿ, ಇನ್ನೊಂದು ನರೇಶನ ಜೇಬಿನಲ್ಲಿ. ಎರಡೂ ಕೂಡದೆ ಬಾಗಿಲು ತೆರೆಯದು. ಅದು ತೆರೆಯದೆ ಶಾಖೆಯ ದಿನ ಆರಂಭವಾಗದು. ಎರಡು ತಿಂಗಳಲ್ಲಿ ನರೇಶ ಹೀಗೆ ತಡವಾಗುತ್ತಿರುವುದು ಇದು ನಾಲ್ಕನೆಯ ಸಲ. ಪ್ರಿಯಂವದಾ ಫೋನಿನಲ್ಲಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮುಂದಿನ ಸೋಮವಾರ ಮೇಲಿನ ಕಚೇರಿಯವರು ತಪಾಸಣೆಗೆ ಬರುತ್ತಾರೆ, ಅಂದೂ ತಡವಾದರೆ ಬೀದರಿಗೆ ವರ್ಗವಾಗುವುದನ್ನು ತಾನು ತಡೆಯಲಾರೆ ಎಂದಷ್ಟೇ ಹೇಳಿದರು. ಬೀದರ್ ಎಂದರೆ ರಾಜ್ಯದ ಇನ್ನೊಂದು ತುದಿ. ಹೊನ್ನಾವರದ ಮನೆಯಲ್ಲಿ ಇರುವವರು ಅವನೂ ಅಪ್ಪನೂ ಇಬ್ಬರೇ.

ಬಸ್ಸಿಗೆ ಹೋಗಬಹುದಿತ್ತು. ಆದರೆ ಅಪ್ಪ ಮಾಬ್ಲೇಶ್ವರ ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿದವರು, ಒಂದೇ ಒಂದು ಅಪಘಾತವಿಲ್ಲದೆ. ಮಗ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಬಾರದೆಂಬುದು ಅವರ ಬಹುಕಾಲದ ಆಸೆ. ಮಂಗಳೂರಿನ ವೈದ್ಯರೊಬ್ಬರು ಹನ್ನೊಂದು ವರ್ಷ ಓಡಿಸಿ ಮಾರಿದ ಈ ಕಾರು ಅಂಗಳಕ್ಕೆ ಬಂದ ದಿನ ಅವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತಿದ್ದರು. ಪ್ರತಿ ಶನಿವಾರ ಬಾವಿಯ ನೀರು ಸೇದಿ ಅದನ್ನು ತೊಳೆದು, ಬಾನೆಟ್ಟಿನ ಒಳಗನ್ನೂ ಒರೆಸುವವರು ಅವರೇ.

ಸಂಜೆ ವೆಂಕಟನ ಗ್ಯಾರೇಜು. ಈ ಜಾತಿಯ ಕಾರಿಗೆ ಸ್ಕ್ಯಾನರ್ ಹಚ್ಚಿ ರೋಗ ಹೇಳಬಲ್ಲವನು ಕುಮಟಾದಿಂದ ಭಟ್ಕಳದವರೆಗೆ ಅವನೊಬ್ಬನೇ. ಕಾರಿನ ಇನ್ನೊಂದು ಕೀಲಿಯೂ ಅವನ ಬಳಿಯೇ ಇತ್ತು. ತುಂಡಾದ ವಯರೊಂದನ್ನು ಅವನು ಬೆಳಕಿಗೆ ಹಿಡಿದ.

“ಇಲಿ ಕೆಲ್ಸ ನರೇಶಣ್ಣ.”

ನರೇಶ ನಂಬಲಿಲ್ಲ. ಶೆಡ್ಡಿನಲ್ಲಿ ಎರಡು ಬೋನು ಇಟ್ಟು ತಿಂಗಳಾಗಿತ್ತು; ಒಳಗಿನ ಒಣಮೀನನ್ನು ಒಂದು ಇಲಿಯೂ ಮೂಸಿ ನೋಡಿರಲಿಲ್ಲ. ಇನ್ನೊಂದು ಸಂಗತಿ ಅವನ ತಲೆಯಲ್ಲಿ ಮುಳ್ಳಿನಂತೆ ಕೂತಿತ್ತು. ಅಪ್ಪ ಧಾರೇಶ್ವರದ ಅಕ್ಕನ ಮನೆಯಲ್ಲಿದ್ದ ಮೂರು ವಾರ ಕಾರು ಒಮ್ಮೆಯೂ ಕೆಮ್ಮಿರಲಿಲ್ಲ. ಆ ಮೂರು ವಾರ ವೆಂಕಟ ಮುಂಬೈಯಲ್ಲಿದ್ದ. ಅವನು ಮರಳಿದ ಮೊದಲ ಸೋಮವಾರವೇ ಕಾರು ನಿಂತಿತ್ತು.

“ಹೌದೌದು, ನಮ್ಮನೇಲಿ ಇಲಿ ಸಾಕೂದೇ ಕಸುಬು,” ಎಂದ ನರೇಶ. “ಆ ಕೀಲಿ ಇತ್ತ ಕೊಡು.”

ವೆಂಕಟ ಕೈ ಒರೆಸಿಕೊಂಡು ಗೂಟದ ಮೇಲಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ.

“ತಿನ್ನುಕೆ ಎಂತದೂ ಸಿಗದಿದ್ರೆ ಇಲಿ ಅಲ್ಲಿಗೆ ಹೋಗೂದೇ ಇಲ್ಲ. ಯಾರು ಹಾಕ್ತಾರೆ ಅಂತ ನೀವೇ ನೋಡ್ಕಳಿ. ಇನ್ನು ಈ ಕಾರು ನನ್ನ ಹತ್ರ ತರೂದು ಬೇಡ.”

ಆ ವಾರ ನರೇಶ ಕಾರಿನ ಎರಡೂ ಕೀಲಿಗಳನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ. ಶೆಡ್ಡಿಗೆ ಹೊಸ ಬೀಗ ಬಿತ್ತು. ಶನಿವಾರ ಅಪ್ಪ ಕಾರು ತೊಳೆದದ್ದಷ್ಟೇ. ಬೇರೆ ಯಾರ ನೆರಳೂ ಅದರ ಮೇಲೆ ಬೀಳಲಿಲ್ಲ. ಮಗನ ಮುಖ ನೋಡಿ ನೋಡಿ ಅಪ್ಪನೂ ಸೊರಗಿದ್ದರು. ಸೋಮವಾರ ಬೆಳಿಗ್ಗೆ ತಾನೂ ಜೊತೆಗೆ ಬರುವೆನೆಂದು ಹಟ ಹಿಡಿದು ಮುಂದಿನ ಸೀಟಿನಲ್ಲಿ ಕೂತರು. ಒಂದು ಗಂಟೆ ಮೊದಲೇ ಹೊರಟರು. ಎಂಜಿನ್ ರೇಷ್ಮೆಯಂತೆ ಸದ್ದು ಮಾಡಿತು.

“ಇವತ್ತು ಎಂತದೂ ಆಗೂದಿಲ್ಲ,” ಎಂದರು ಅಪ್ಪ.

ಶರಾವತಿ ಸೇತುವೆಯ ನಟ್ಟನಡುವೆ ಹಳದಿ ದೀಪ ಹೊತ್ತಿತು. ಅದರ ಬೆನ್ನಿಗೇ ಕೆಂಪು. ಕಾರು ನಿಂತಿತು. ಗೇರು ಜಡಿದುಕೊಂಡಿತು, ನಾಲ್ಕು ಜನ ಕೂಡಿ ತಳ್ಳಿದರೂ ಚಕ್ರ ಅಲುಗಲಿಲ್ಲ. ಹಿಂದೆ ಹಾರ್ನ್‌ಗಳು ಒಂದಕ್ಕೊಂದು ಸೇರಿಕೊಂಡವು. ಮೂರು ವಾಹನಗಳ ಹಿಂದೆ ಭಟ್ಕಳದ ಬಸ್ಸೂ ಇತ್ತು. ಕುಮಟಾದಿಂದ ಕ್ರೇನ್ ಬರುವವರೆಗೆ ಮಾಲೀಕ ಕದಲುವಂತಿಲ್ಲ ಎಂದು ಪೊಲೀಸನೊಬ್ಬ ಕಾರಿನ ಕೀಲಿ ಕಿತ್ತುಕೊಂಡ.

ನರೇಶ ವೆಂಕಟನಿಗೆ ಫೋನ್ ಮಾಡಿದ. ಆರು ಸಲ. ಏಳನೆಯ ಸಲಕ್ಕೆ ಫೋನ್ ಬಂದದ್ದು ಪ್ರಿಯಂವದಾ ಅವರಿಂದ. ಮೇಲಿನವರು ಬಂದು ತಿಜೋರಿಯ ಮುಂದೆ ಕೂತಿದ್ದಾರೆ ಎಂದರು. ಸೇತುವೆಯ ಮೇಲೆ ಇದ್ದೇನೆಂದು ಅವನು ಹೇಳಿದ. “ಆತು,” ಎಂದು ಅವರು ಫೋನಿಟ್ಟರು.

ಕೆಳಗೆ ನದಿ ತನ್ನ ಪಾಡಿಗೆ ಕಡಲಿಗೆ ಹೋಗುತ್ತಿತ್ತು. ಮಾಡಲು ಏನೂ ಉಳಿಯದೆ ನರೇಶ ಬಾನೆಟ್ ಎತ್ತಿದ. ಯಾವಾಗಲೂ ವೆಂಕಟ ತೆಗೆಯುತ್ತಿದ್ದ ಆ ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲ ಬಾರಿಗೆ ತಾನೇ ಕಿತ್ತ. ವಯರುಗಳು ಎಳೆಎಳೆಯಾಗಿ ಬಿಚ್ಚಿಕೊಂಡಿದ್ದವು. ಅವುಗಳ ನಡುವೆ ಬಾಳೆಲೆಯ ಚೂರುಗಳು, ನೆಕ್ಕಿದಷ್ಟು ಸ್ವಚ್ಛ.

ಅಪ್ಪ ಅವನ ಭುಜದ ಮೇಲಿಂದ ಬಗ್ಗಿ ನೋಡಿದರು. ಅವರ ಕಣ್ಣು ತುಂಬಿತ್ತು.

“ಶನಿವಾರಕ್ಕೆ ಒಂದೆಲೆ ನೈವೇದ್ಯ, ಎಳ್ಳು, ಬೆಲ್ಲ, ಕೊಬ್ಬರಿ. ಮೂವತ್ತೆರಡು ವರ್ಷ ನನ್ನ ಬಸ್ಸನ್ನ ಕಾದದ್ದು ಅದೇ ಮಗಾ,” ಎಂದರು. “ನಿನ್ನ ಕಾರು ಪದೇಪದೇ ನಿಲ್ತದೆ ಅಂತ ಮೊನ್ನೆ ಮೂರೆಲೆ ಇಟ್ಟಿದ್ದೆ.”